ರಷ್ಯಾದ ಹಳೇ ತಾಮ್ರದ ನಾಣ್ಯ: ಯಾವ ನಾಣ್ಯಕ್ಕೆ ಯಾವ ಪರೀಕ್ಷೆ?

ರಷ್ಯಾದ ಹಳೇ ತಾಮ್ರದ ನಾಣ್ಯ ಕೈಗೆ ಬಂದಾಗ ಹೊಸ ಸಂಗ್ರಾಹಕರು ಮೊದಲು ಕೇಳುವುದು "ಇದು ನಿಜವಾದ ತಾಮ್ರವೇ?" ಎಂದು. ಕೇಳುವುದರಲ್ಲಿ ತಪ್ಪಿಲ್ಲ. ಹೌದೆಂಬ ಉತ್ತರ ಸಿಕ್ಕಿದ ಕೂಡಲೇ ನಾಣ್ಯವೂ ಅಸಲಿ ಎಂದು ಜೇಬಿಗೆ ಇಳಿಸಿಕೊಳ್ಳುವುದು ಮಾತ್ರ ತಪ್ಪು. 1787ರ ಇಸವಿ ಹೊತ್ತ, ಒಳ್ಳೇ ತಾಮ್ರದ, ತೂಕವೂ ಹೆಚ್ಚು ಕಡಿಮೆ ಹೊಂದುವ ಐದು ಕೊಪೆಕ್ (ನೂರು ಕೊಪೆಕ್‌ಗೆ ಒಂದು ರೂಬಲ್) ನಾಣ್ಯ ಸ್ವೀಡನ್ನಿನಲ್ಲಿ ಹೊಡೆದ ಖೋಟಾ ಆಗಿರಬಹುದು. ಅದೇ ಕಾಲದ ಇನ್ನೊಂದು ನಾಣ್ಯ ನೂರಕ್ಕೆ ನೂರು ಅಸಲಿಯಾಗಿದ್ದೂ ತಾಮ್ರವೇ ಅಲ್ಲದಿರಬಹುದು: 1770ರ ದಶಕದಲ್ಲಿ ಮೊಲ್ಡಾವಿಯಾ, ವಲಾಕಿಯಾ ಪ್ರಾಂತ್ಯಗಳಿಗೆಂದು ಸದಗುರಾದಲ್ಲಿ ಹೊಡೆದ ನಾಣ್ಯಗಳಿಗೆ ಬಳಸಿದ್ದು ತುರ್ಕರಿಂದ ವಶಪಡಿಸಿಕೊಂಡ ಫಿರಂಗಿಗಳ ಕಂಚು.

ಹಾಗಾಗಿ ಲೋಹದ ಪರೀಕ್ಷೆ ಬೇರೆ, ಅಸಲಿತನದ ಪರೀಕ್ಷೆ ಬೇರೆ. ತಕ್ಕಡಿ, ಅಯಸ್ಕಾಂತ, ನೀರಿನ ಲೋಟ, ಭೂತಗನ್ನಡಿ, ಎಕ್ಸ್‌ರೇ ಯಂತ್ರ, ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಗ್ರೇಡಿಂಗ್ ಕಂಪನಿ: ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದನ್ನು ನಿಮ್ಮ ಎದುರಿಗಿರುವ ನಾಣ್ಯವೇ ತೀರ್ಮಾನಿಸುತ್ತದೆ. ಎಲ್ಲಕ್ಕೂ ಒಂದೇ ಪರೀಕ್ಷೆ ಸಾಕು ಎನ್ನುವ ವ್ಯಾಪಾರಿಯ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ತಕ್ಕಡಿಯಿಂದ ಶುರು

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಸಾಧನ 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ರಷ್ಯಾದ ತಾಮ್ರದ ನಾಣ್ಯಗಳ ಮಟ್ಟಿಗೆ ತಕ್ಕಡಿಗೆ ಇಷ್ಟು ಬಲ ಬರಲು ಕಾರಣ ಅಲ್ಲಿನ ಸರಕಾರವೇ. ಒಂದು ಪೂಡ್ ತಾಮ್ರದಿಂದ, ಅಂದರೆ 16.38 ಕಿಲೋದಿಂದ, ಇಷ್ಟು ರೂಬಲ್ ಮೌಲ್ಯದ ನಾಣ್ಯ ಹೊಡೆಯಬೇಕು ಎಂದು ಕಾಲಕಾಲಕ್ಕೆ ಆಜ್ಞೆ ಹೊರಡುತ್ತಿತ್ತು. ಈ ದರ ಬದಲಾದಾಗಲೆಲ್ಲ ನಾಣ್ಯದ ತೂಕವೂ ಬದಲಾಯಿತು. ಇಸವಿ ಓದಲು ಬಂದರೆ ತೂಕ ಎಷ್ಟಿರಬೇಕೆಂದು ಲೆಕ್ಕ ಹಾಕಬಹುದು: 163.8 ಅನ್ನು ಆ ಕಾಲದ ದರದಿಂದ ಭಾಗಿಸಿ, ಒಂದು ಕೊಪೆಕ್‌ನ ತೂಕ ಗ್ರಾಂನಲ್ಲಿ ಸಿಗುತ್ತದೆ. ದೆಂಗಾ ಎಂದರೆ ಅರ್ಧ ಕೊಪೆಕ್, ಪಲೂಷ್ಕಾ ಎಂದರೆ ಕಾಲು ಕೊಪೆಕ್.

| ಕಾಲ | ಒಂದು ಪೂಡ್‌ಗೆ ರೂಬಲ್ | ನಾಣ್ಯದ ತೂಕ (ಗ್ರಾಂ) |
|---|---|---|
| 1704ರಿಂದ | 20 | ಕೊಪೆಕ್ 8.19 |
| 1718–1730 | 40 | 5 ಕೊಪೆಕ್ (1723ರಿಂದ) 20.47 |
| 1730–1754 | 10 | ದೆಂಗಾ 8.19, ಪಲೂಷ್ಕಾ 4.10 |
| 1755–1757 | 8 | ಕೊಪೆಕ್ 20.48 |
| 1757–1810 | 16 | 5 ಕೊಪೆಕ್ 51.19, ಕೊಪೆಕ್ 10.24 |
| 1810–1830 | 24 | 2 ಕೊಪೆಕ್ 13.65 |
| 1830–1839 | 36 | 10 ಕೊಪೆಕ್ 45.5 |
| 1839–1848 | 16 | 3 ಕೊಪೆಕ್ 30.7 |
| 1849–1867 | 32 | 5 ಕೊಪೆಕ್ 25.6 |
| 1867–1917 | 50 | 5 ಕೊಪೆಕ್ 16.38, ಕೊಪೆಕ್ 3.28 |

1757ರಿಂದ 1810ರ ಸಾಲಿಗೆ ಮೂರು ಅಪವಾದಗಳಿವೆ. 1762ರಲ್ಲಿ ಮೂರನೇ ಪೀಟರ್ ದರವನ್ನು 32ಕ್ಕೆ ಏರಿಸಿದ. 1796ರಲ್ಲಿ ಮತ್ತೆ ಅದೇ ಪ್ರಯತ್ನ ನಡೆಯಿತು. ಸೈಬೀರಿಯಾದ ನಾಣ್ಯಗಳಿಗಂತೂ 25ರ ಬೇರೆಯೇ ಲೆಕ್ಕವಿತ್ತು.

ಆದರೆ ಈ ಪಟ್ಟಿಯನ್ನು ಹಿಡಿದು 47 ಗ್ರಾಂನ, ಮಹಾರಾಣಿ ಕ್ಯಾಥರೀನ್ ಕಾಲದ (1762–96) ಐದು ಕೊಪೆಕ್ ಅನ್ನು ಖೋಟಾ ಎಂದು ಎಸೆಯಬೇಡಿ. 18ನೇ ಶತಮಾನದ ಟಂಕಸಾಲೆಯಲ್ಲಿ ತಾಮ್ರದ ನಾಣ್ಯಗಳನ್ನು ಒಂದೊಂದಾಗಿ ತೂಗುತ್ತಿರಲಿಲ್ಲ, ರಾಶಿಯ ತೂಕ ಸರಿಹೋದರೆ ಮುಗಿಯಿತು. ಹಾಗಾಗಿ 51 ಗ್ರಾಂನ ನಾಣ್ಯ 46 ಇರಬಹುದು, 56 ಕೂಡ ಇರಬಹುದು. ಅನುಮಾನ ಪಡಬೇಕಾದದ್ದು 38 ಗ್ರಾಂ ಬಂದಾಗ. ಒಬ್ಬನೇ ವ್ಯಾಪಾರಿಯ ಹತ್ತಿರವಿರುವ ಐದಾರು ಬೇರೆ ಬೇರೆ ಇಸವಿಯ ನಾಣ್ಯಗಳು ಒಂದೇ ತೂಕ ತೋರಿಸಿದರೂ ಅನುಮಾನ ಪಡಿ. ಇಪ್ಪತ್ತನೇ ಶತಮಾನದ ಹೊತ್ತಿಗೆ ಯಂತ್ರಗಳು ಸುಧಾರಿಸಿದ್ದವು. ಎರಡನೇ ನಿಕೊಲಾಯ್ ದೊರೆಯ ಕಾಲದ 3.28 ಗ್ರಾಂನ ಕೊಪೆಕ್ ತೀರಾ ಸವೆಯದೆ 2.7 ಬಂದರೆ ಅದಕ್ಕೆ ರಾಶಿ ತೂಕದ ಸಮಜಾಯಿಷಿ ಸಲ್ಲುವುದಿಲ್ಲ.

ಅಯಸ್ಕಾಂತವೋ, ನೀರಿನ ಲೋಟವೋ?

ಅಯಸ್ಕಾಂತಕ್ಕೆ ಅಂಟಿದರೆ ಮಾತು ಮುಗಿಯಿತು: ಕಬ್ಬಿಣದ ಬಿಲ್ಲೆಗೆ ತಾಮ್ರದ ಲೇಪ ಕೊಟ್ಟ ಆಟಿಕೆ ಅದು. ಅಂಟದಿದ್ದರೆ ಅದರಿಂದ ತಿಳಿಯುವುದು ಬಹಳ ಕಡಿಮೆ, ಏಕೆಂದರೆ ಹಿತ್ತಾಳೆ, ಕಂಚು, ಸೀಸ, ಸತು ಯಾವುದೂ ಅಂಟುವುದಿಲ್ಲ. ಬಲವಾದ ನಿಯೋಡಿಮಿಯಂ ಅಯಸ್ಕಾಂತದ ಚೂರು ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ದೊಡ್ಡ ನಾಣ್ಯವನ್ನು ಓರೆಯಾಗಿ ಹಿಡಿದು ಚೂರನ್ನು ಮೇಲಿನಿಂದ ಜಾರಿಬಿಡಿ. ತಾಮ್ರ ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವ ಲೋಹ, ಆದ್ದರಿಂದ ಅಯಸ್ಕಾಂತ ತಡೆತಡೆದು ಇಳಿಯುತ್ತದೆ. ಹಿತ್ತಾಳೆಯ ವಾಹಕತೆ ಅದರ ಕಾಲು ಭಾಗದಷ್ಟು, ತವರದ ಕಂಚಿನದು ಇನ್ನೂ ಕಡಿಮೆ. ಅವುಗಳ ಮೇಲೆ ಸರ್ರನೆ ಜಾರುತ್ತದೆ. ಹಳೇ ತಾಮ್ರದಲ್ಲಿನ ಕಶ್ಮಲವೂ ವಾಹಕತೆಯನ್ನು ತಗ್ಗಿಸುವುದರಿಂದ ಪಕ್ಕದಲ್ಲಿ ಖಾತ್ರಿಯಾದ ನಾಣ್ಯವೊಂದನ್ನು ಇಟ್ಟುಕೊಂಡೇ ಹೋಲಿಸಬೇಕು.

ನೀರಿನ ಲೋಟದ ಸಾಂದ್ರತೆ ಪರೀಕ್ಷೆ ಇದಕ್ಕಿಂತ ಗಟ್ಟಿ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿಕೊಳ್ಳಿ. ನಾಣ್ಯಕ್ಕೆ ತೆಳ್ಳನೆಯ ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಶುದ್ಧ ತಾಮ್ರಕ್ಕೆ 8.96, ಹಳೇ ನಾಣ್ಯದ ತಾಮ್ರ 8.7ರಿಂದ 8.9ರೊಳಗೆ ಇರುವುದು ಸಾಮಾನ್ಯ. ಹಿತ್ತಾಳೆ ಸಾಮಾನ್ಯವಾಗಿ 8.4ರಿಂದ 8.6, ಸತು 7.1, ಸೀಸ 11.3. ಮೇಲ್ಮೈಗೆ ಗುಳ್ಳೆಗಳು ಅಂಟಿಕೊಂಡರೆ ಲೆಕ್ಕ ಕೆಡುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ.

ಈ ಪರೀಕ್ಷೆ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವವರು ಕಡಿಮೆ. 51.2 ಗ್ರಾಂನ ನಾಣ್ಯ 8.9 ಸಾಂದ್ರತೆಯ ತಾಮ್ರವಾಗಿದ್ದರೆ ಮುಳುಗಿದಾಗ ತಕ್ಕಡಿ 5.75 ತೋರಿಸುತ್ತದೆ, 8.5ರ ಹಿತ್ತಾಳೆಯಾಗಿದ್ದರೆ 6.02. ಕಾಲು ಗ್ರಾಂಗೂ ಮೀರಿದ ಅಂತರವಿದು, ಕಣ್ಣಿಗೆ ರಾಚುತ್ತದೆ. ಅದೇ 3.28 ಗ್ರಾಂನ ಕೊಪೆಕ್‌ಗೆ ಈ ಅಂಕಿಗಳು 0.37 ಮತ್ತು 0.39. ಕೈ ಕೊಂಚ ನಡುಗಿದರೂ ಅಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಆದ್ದರಿಂದ 20 ಗ್ರಾಂಗಿಂತ ಭಾರದ ನಾಣ್ಯಕ್ಕೆ ಮಾತ್ರ ಇದನ್ನು ನಂಬಿ. ಕಂಚನ್ನು ತಾಮ್ರದಿಂದ ಬೇರ್ಪಡಿಸಲು ಯಾವ ತೂಕದಲ್ಲೂ ಇದು ಸಾಲದು. ತವರದ ಕಂಚಿನ ಸಾಂದ್ರತೆಯೂ 8.8ರ ಸುತ್ತಲೇ ಇರುತ್ತದೆ.

ಕಲ್ಲಿನ ಮೇಲೆ ಬೀಳಿಸಿ ಶಬ್ದ ಕೇಳುವುದನ್ನು ಬಿಟ್ಟುಬಿಡಿ. ಬೆಳ್ಳಿಗೆ ಅದು ಸಲ್ಲುತ್ತದೆ. ತಾಮ್ರದ ದಪ್ಪ ನಾಣ್ಯಗಳು, ಅದರಲ್ಲೂ ಎರಡು ಸಲ ಅಚ್ಚೊತ್ತಿಸಿಕೊಂಡು ಒಳಗೆ ಬಿರುಕು ಬಿಟ್ಟವು, ಅಸಲಿಯಾಗಿದ್ದೂ ಒಡಕು ಮಡಕೆಯ ಸದ್ದು ಮಾಡುತ್ತವೆ.

ಬಣ್ಣ ಮತ್ತು ಕಿಲುಬು

ಮೊದಲಿಗೆ ಒಂದು ಎಚ್ಚರಿಕೆ. ನಮ್ಮ ಮನೆಗಳಲ್ಲಿ ತಾಮ್ರ ಕಂಡರೆ ಹುಣಸೆಹಣ್ಣು ಹುಡುಕುವ ಕೈಗಳಿವೆ. ನಾಣ್ಯಕ್ಕೆ ಹುಣಸೆ, ನಿಂಬೆ, ಪೀತಾಂಬರಿ ಪುಡಿ ಯಾವುದನ್ನೂ ತಾಗಿಸಬೇಡಿ. ಇನ್ನೂರು ವರ್ಷದ ಕಂದು ಪದರವೇ ಅಸಲಿತನದ ಒಂದು ಸಾಕ್ಷಿ, ತಿಕ್ಕಿದರೆ ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತು.

ಸಹಜವಾಗಿ ಬೆಳೆದ ಪದರ ಕೆಂಗಂದಿನಿಂದ ಗಾಢ ಕಂದಿನವರೆಗೆ ಇದ್ದು, ಲೋಹದ ಜತೆ ಒಂದಾಗಿರುತ್ತದೆ. ಉಬ್ಬಿದ ಭಾಗಗಳಲ್ಲಿ ಸವೆದು ತಿಳಿಯಾಗಿ, ತಗ್ಗುಗಳಲ್ಲಿ ದಟ್ಟವಾಗಿ ಕಾಣುತ್ತದೆ. ಮಣ್ಣಿನಲ್ಲಿ ಹೂತಿದ್ದ ನಾಣ್ಯಕ್ಕೆ ಗಟ್ಟಿಯಾದ ಹಸಿರು ಮಲಾಕೈಟ್ ಪದರ ಬರುತ್ತದೆ. ಗಂಧಕದ ದ್ರಾವಣದಲ್ಲಿ ಅದ್ದಿ ತೆಗೆದ ಹೊಸ ನಾಣ್ಯ ಉಬ್ಬು ತಗ್ಗೆನ್ನದೆ ಒಂದೇ ಸಮ ಕಪ್ಪಗಿರುತ್ತದೆ. ಹತ್ತಿಯಲ್ಲಿ ಅಸಿಟೋನ್ ಅದ್ದಿ ಒತ್ತಿದಾಗ ಬಣ್ಣ ಕಿತ್ತುಬಂದರೆ ಅದು ಬಳಿದ ಬಣ್ಣ. ಅಸಿಟೋನ್ ತಾಮ್ರಕ್ಕೆ ಹಾನಿ ಮಾಡದು, ಹೆದರಬೇಕಿಲ್ಲ. ಆದರೆ ರಾಸಾಯನಿಕವಾಗಿ ಹಿಡಿಸಿದ ಪದರ ಅಸಿಟೋನ್‌ಗೂ ಜಗ್ಗದು, ಆದ್ದರಿಂದ ಈ ಪರೀಕ್ಷೆ ಪೆದ್ದ ಖೋಟಾಗಾರನನ್ನು ಮಾತ್ರ ಹಿಡಿಯುತ್ತದೆ.

ಪುಡಿಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆಗಳು ಅಸಲಿ ನಕಲಿ ಎರಡರಲ್ಲೂ ಬರುವ ಕ್ಲೋರೈಡ್ ರೋಗ. ಒರೆಸಿದರೂ ತೇವದ ಹವೆಯಲ್ಲಿ ಮರಳಿ ಬರುತ್ತದೆ. ಮಂಗಳೂರು, ಕಾರವಾರದ ಕಡೆ ಇಟ್ಟುಕೊಳ್ಳುವವರು ಸಿಲಿಕಾ ಜೆಲ್ ಪೊಟ್ಟಣದ ಜತೆ ಡಬ್ಬಿಯಲ್ಲಿಡುವುದು ಲೇಸು, ರೋಗ ಹಿಡಿದದ್ದನ್ನು ಉಳಿದವುಗಳಿಂದ ಬೇರೆ ಇಡಬೇಕು.

ಭೂತಗನ್ನಡಿಯ ಕೆಲಸ

ಲೋಹದ ಪ್ರಶ್ನೆ ಮುಗಿದ ಮೇಲೆ ನಿಜವಾದ ಆಟ ಶುರುವಾಗುವುದು ಇಲ್ಲಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ನೋಡಬೇಕಾದ್ದು ಮೊದಲು ಅಂಚನ್ನು. ಮಾರುವವರು ಫೋಟೋದಲ್ಲಿ ತೋರಿಸದೇ ಇರುವುದೂ ಅದನ್ನೇ. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಎರಡು ಅಚ್ಚು ಸೇರಿದ ಗೆರೆ, ಅಥವಾ ಆ ಗೆರೆಯನ್ನು ಅರದಿಂದ ಉಜ್ಜಿದ ಗುರುತು ಸಿಗುತ್ತದೆ. 18ನೇ ಶತಮಾನದ ದೊಡ್ಡ ನಾಣ್ಯಗಳ ಅಂಚಿಗೆ ಜಾಲರಿ ಇಲ್ಲವೇ ಹುರಿಹಗ್ಗದಂಥ ಓರೆ ಗೀರು ಹಾಕುತ್ತಿದ್ದರು. 1755ರ ಕೊಪೆಕ್‌ಗಳ ಅಂಚಿನಲ್ಲಿ ಟಂಕಸಾಲೆಯ ಹೆಸರನ್ನೇ ಕೆತ್ತಿದವೂ ಇವೆ. ಈ ಗೀರನ್ನು ಮುಖಗಳಿಗೆ ಅಚ್ಚೊತ್ತುವ ಮೊದಲೇ ಬೇರೆ ಯಂತ್ರದಲ್ಲಿ ಹಾಕಿದ್ದರಿಂದ ಒತ್ತಡಕ್ಕೆ ಅದು ಅಲ್ಲಲ್ಲಿ ಚಪ್ಪಟೆಯಾಗಿರುತ್ತದೆ. ಆಗ ಬಿಲ್ಲೆಯನ್ನು ಸುತ್ತುವರಿದು ಹಿಡಿಯುವ ಉಂಗುರವೂ ಇರಲಿಲ್ಲ, ಆದ್ದರಿಂದ ನಾಣ್ಯ ತುಸು ವಕ್ರ ದುಂಡಗಿರುವುದು ದೋಷವಲ್ಲ. ಕಂಪಾಸ್ ಹಿಡಿದು ಬರೆದಂತೆ ದುಂಡಗಿರುವ ಕ್ಯಾಥರೀನ್ ಕಾಲದ ನಾಣ್ಯವನ್ನು ಇನ್ನೊಮ್ಮೆ ನೋಡಿ.

ಮುಖದ ಮೇಲೆ, ಅಕ್ಷರಗಳ ಬುಡದಿಂದ ಅಂಚಿನ ಕಡೆಗೆ ಲೋಹ ಹರಿದ ನವಿರು ಗೆರೆಗಳು ಕಂಡರೆ ಅದು ಅಚ್ಚೊತ್ತಿದ ನಾಣ್ಯ. ಎರಕದಲ್ಲಿ ಆ ಗೆರೆಗಳಿಲ್ಲ, ಬದಲಿಗೆ ಸೂಜಿಮೊನೆಯಂಥ ರಂಧ್ರಗಳು, ಮೊಂಡಾದ ಅಕ್ಷರಗಳು. ರಷ್ಯಾದ ಲಾಂಛನವಾದ ಎರಡು ತಲೆಯ ಹದ್ದಿನ ಗರಿಗಳನ್ನು ನೋಡಿ. ಗಂಡಭೇರುಂಡ ಕಂಡು ಬೆಳೆದ ನಮಗೆ ಆ ಹಕ್ಕಿ ಪರಿಚಿತ ಎನಿಸುತ್ತದೆ, ಆದರೆ ಗರಿಗಳ ಸಂಖ್ಯೆ, ಬಾಲದ ಆಕಾರ, ಕಿರೀಟದ ಶಿಲುಬೆ ಇವೆಲ್ಲ ಟಂಕಸಾಲೆಯಿಂದ ಟಂಕಸಾಲೆಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹೋಲಿಸಲು ನಂಬಬಹುದಾದ ಚಿತ್ರ ಬೇಕೇ ಬೇಕು. ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದ ನಾಣ್ಯಗಳು ಪ್ರಸಿದ್ಧ. ದೊರೆಯ ಮನೆತನದ ಗಿಯೋರ್ಗಿ ಮಿಖಾಯ್ಲೊವಿಚ್ ಸಂಗ್ರಹಿಸಿದ ನಾಣ್ಯಗಳ ದೊಡ್ಡ ಪಾಲು ಇಂದು ಅಮೆರಿಕದ ಸ್ಮಿತ್ಸೋನಿಯನ್‌ನಲ್ಲಿದೆ.

ಟಂಕಸಾಲೆಯ ಗುರುತಕ್ಷರಗಳೂ ಸುಲಭದ ಜರಡಿ. ಎಕಟೆರಿನ್‌ಬರ್ಗಿನದು ಕಣ್ಣಿಗೆ ಇಂಗ್ಲಿಷಿನ ಇಎಂ ಎಂದು ಕಾಣುತ್ತದೆ. ಆ ಟಂಕಸಾಲೆ 1876ಕ್ಕೆ ಮುಚ್ಚಿತು, ಹಾಗಾಗಿ 1880ರ ಇಎಂ ನಾಣ್ಯ ಇರಲು ಸಾಧ್ಯವೇ ಇಲ್ಲ. ಅನ್ನಿನ್ಸ್ಕ್‌ನ ಎಎಂ 1789ರಿಂದ 1798ರವರೆಗೆ ಮಾತ್ರ. ಕ್ರಿಮಿಯಾದ ಫಿಯೋದೋಸಿಯಾದ ಟಿಎಂ 1787–88ಕ್ಕೆ ಮುಗಿಯಿತು, ಅಪರೂಪದ್ದಾದ್ದರಿಂದ ನಕಲಿಯೂ ಹೆಚ್ಚು. ಸಿಎಂ ಎಂದು ಕಾಣುವ ಗುರುತು ಗೊಂದಲದ್ದು: 1760ರ ದಶಕದಲ್ಲಿ ಅದು ಸೆಸ್ತ್ರೊರೆತ್ಸ್ಕ್‌ನದು, 1831ರಿಂದ 1847ರವರೆಗೆ ಸೈಬೀರಿಯಾದ ಸುಝುನ್‌ನದು.

ಒಂದರ ಮೇಲೊಂದು ಅಚ್ಚು

ರಷ್ಯಾದ ತಾಮ್ರದಲ್ಲಿ ನನಗೆ ಅತಿ ಇಷ್ಟದ ಭಾಗವಿದು. ದರ ಬದಲಾದಾಗ ಹಳೇ ನಾಣ್ಯಗಳನ್ನು ಕರಗಿಸುವ ಬದಲು ಅವುಗಳ ಮೇಲೇ ಹೊಸ ಅಚ್ಚು ಒತ್ತುತ್ತಿದ್ದರು. 1723ರಿಂದ 1730ರವರೆಗೆ ಶಿಲುಬೆಯಾಕಾರದ ಬರಹದ 20 ಗ್ರಾಂನ ಐದು ಕೊಪೆಕ್ ಚಲಾವಣೆಗೆ ಬಂತು. ಒಂದು ಪೂಡ್‌ಗೆ 40 ರೂಬಲ್‌ನ ದರ ಅದು. ತಾಮ್ರದ ಮಾರುಕಟ್ಟೆ ಬೆಲೆ ಅದರ ಒಂದು ಸಣ್ಣ ಪಾಲು ಮಾತ್ರ ಆಗಿತ್ತಾದ್ದರಿಂದ ಒಳನಾಡಿನಲ್ಲೂ ಹೊರನಾಡಿನಲ್ಲೂ ಖೋಟಾಗಾರರು ಮುಗಿಬಿದ್ದರು. ಲಾಭ ಅಷ್ಟು ದೊಡ್ಡದಿದ್ದಾಗ ಕೀಳು ಲೋಹ ಬೆರೆಸುವ ಅಗತ್ಯವೂ ಅವರಿಗಿರಲಿಲ್ಲ. ಆ ಕಾಲದ ಖೋಟಾ ನಾಣ್ಯ ಎಷ್ಟೋ ಸಲ ಅಪ್ಪಟ ತಾಮ್ರದ್ದು ಎಂಬುದಕ್ಕೆ ಕಾರಣ ಇದೇ. 1744ರಿಂದ 1746ರೊಳಗೆ ಸರಕಾರ ಆ ನಾಣ್ಯದ ಮುಖಬೆಲೆಯನ್ನು 4, 3, ಕೊನೆಗೆ 2 ಕೊಪೆಕ್‌ಗೆ ಇಳಿಸಿತು. 1755ರಿಂದ ಅವುಗಳನ್ನೇ ತೆಗೆದುಕೊಂಡು ಮೋಡಗಳ ನಡುವಿನ ಹದ್ದಿನ ಒಂದು ಕೊಪೆಕ್ ಮಾಡಿತು. ಹಾಗಾಗಿ 1755ರ ಕೊಪೆಕ್‌ನಲ್ಲಿ ಹಳೇ ಶಿಲುಬೆಯ ಗೆರೆ ಅಲ್ಲಲ್ಲಿ ಇಣುಕುವುದು ಒಳ್ಳೆಯ ಲಕ್ಷಣ.

1762ರಲ್ಲಿ ಮೂರನೇ ಪೀಟರ್ ಐದು ಕೊಪೆಕ್‌ಗಳನ್ನು ಹತ್ತು ಕೊಪೆಕ್ ಮಾಡಿಸಿದ, ನಗಾರಿ ಬಾವುಟಗಳ ಚಿತ್ರವಿರುವ ನಾಣ್ಯ ಅದು. ಅವನನ್ನು ಇಳಿಸಿ ಪಟ್ಟಕ್ಕೆ ಬಂದ ಕ್ಯಾಥರೀನ್ ಅವನ್ನೇ ಮತ್ತೆ ಐದು ಕೊಪೆಕ್ ಮಾಡಿಸಿದಳು. 1763ರ ಕೆಲವು ನಾಣ್ಯಗಳಲ್ಲಿ ಮೂವರು ದೊರೆಗಳ ಅಚ್ಚಿನ ಕುರುಹು ಒಟ್ಟಿಗೆ ಸಿಗುತ್ತದೆ. 1796ರಲ್ಲಿ ಇದೇ ಕಥೆ ಮರುಕಳಿಸಿತು: ಮೊನೊಗ್ರಾಂ (ರಾಣಿಯ ಹೆಸರಿನ ಹೆಣೆದ ಅಕ್ಷರ) ಇರುವ ಹತ್ತು ಕೊಪೆಕ್ ಹೊಡೆದರು, ಕ್ಯಾಥರೀನ್ ತೀರಿಕೊಂಡಳು, ಮಗ ಪಾವೆಲ್ ಅದನ್ನು ರದ್ದು ಮಾಡಿ ತಾಯಿಯ ಹಳೇ ಅಚ್ಚುಗಳಿಂದಲೇ ಮತ್ತೆ ಐದು ಕೊಪೆಕ್ ಹೊಡೆಸಿದ. ಆದ್ದರಿಂದ 1793ರ ಇಸವಿಯ ನಾಣ್ಯದ ಅಡಿಯಲ್ಲಿ 1796ರ ಅಚ್ಚು ಕಂಡರೆ ಗಾಬರಿಯಾಗಬೇಕಿಲ್ಲ. ಅದು ಖೋಟಾ ಅಲ್ಲ, ಸಾಧಾರಣ 1793ಕ್ಕಿಂತ ಹೆಚ್ಚು ಬಾಳುವಂಥದ್ದು. ಉಳಿದುಕೊಂಡ 1796ರ ಮೊನೊಗ್ರಾಂ ನಾಣ್ಯಗಳು ಕಡಿಮೆ, ಅದಕ್ಕೇ ಅವುಗಳ ನಕಲಿಗಳು ಸಂತೆಯಲ್ಲಿ ರಾಶಿ.

ಅಡಿ ಅಚ್ಚು ಕಂಡಿತೆಂದು ಪೂರ್ತಿ ನಂಬಲೂ ಆಗದು. ಅಂಥ ಅಸಲಿ ನಾಣ್ಯವನ್ನೇ ಮಾದರಿಯಾಗಿ ಇಟ್ಟು ಎರಕ ಹೊಯ್ದರೆ ಕುರುಹುಗಳೂ ಎರಕಕ್ಕೆ ಬರುತ್ತವೆ. ಹರಾಜು ತಾಣಗಳ ಚಿತ್ರಗಳಲ್ಲಿ ಹುಡುಕಿ ನೋಡಿ: ಅದೇ ಜಾಗದಲ್ಲಿ ಅದೇ ಗೀರು, ಅದೇ ಕುರುಹು ಇರುವ ಇನ್ನೊಂದು ನಾಣ್ಯ ಸಿಕ್ಕರೆ ಎರಡರಲ್ಲಿ ಒಂದಾದರೂ ನಕಲಿ, ಬಹುಪಾಲು ಎರಡೂ.

ಖೋಟಾದಲ್ಲೂ ಜಾತಿಗಳಿವೆ

ಎಲ್ಲವನ್ನೂ ನಕಲಿ ಎಂದು ಒಂದೇ ಬುಟ್ಟಿಗೆ ಹಾಕಿದರೆ ನಷ್ಟ ನಿಮಗೇ. ಸ್ವೀಡನ್ನಿನ ಅವೆಸ್ತಾದಲ್ಲಿ, ಮೂರನೇ ಗುಸ್ತಾವ್ ರಷ್ಯಾದ ಮೇಲೆ ಯುದ್ಧಕ್ಕೆ ಹೊರಟ ಹೊತ್ತಿನಲ್ಲಿ, ಸರಕಾರವೇ ಕ್ಯಾಥರೀನ್‌ಳ ಐದು ಕೊಪೆಕ್‌ಗಳ ಖೋಟಾ ಹೊಡೆಸಿತು. ತಾಮ್ರಕ್ಕೆ ಕೊರತೆಯಿಲ್ಲದ ನಾಡದು, ಲೋಹ ಚೆನ್ನಾಗಿದೆ, ಕೆಲಸವೂ ಚೆನ್ನಾಗಿದೆ. ಸಿಕ್ಕಿಬೀಳುವುದು ಕಿರೀಟದಲ್ಲಿ: ಅದು ರಷ್ಯಾದ ಸಾಮ್ರಾಟರ ಕಿರೀಟವಾಗಿರದೆ ಸ್ವೀಡನ್ನಿನ ರಾಜಕಿರೀಟದ ಛಾಯೆಯಲ್ಲಿದೆ. ಹೆಚ್ಚಾಗಿ ಕಾಣುವುದು 1778 ಮತ್ತು 1787ರ ಇಸವಿ, ಇಎಂ ಗುರುತು. ಸಾಮಾನ್ಯ 1787ಕ್ಕಿಂತ ಇದಕ್ಕೇ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ತಕ್ಕಡಿ, ನೀರು, ಅಯಸ್ಕಾಂತ ಮೂರೂ ಇಲ್ಲಿ ಕೈಚೆಲ್ಲುತ್ತವೆ, ಕಣ್ಣೊಂದೇ ಗತಿ.

ನೊವೊದೆಲ್ ಎನ್ನುವುದು ಇನ್ನೊಂದು ಬಗೆ. ಹಳೇ ಇಸವಿಯ ನಾಣ್ಯವನ್ನು ಶ್ರೀಮಂತ ಸಂಗ್ರಾಹಕರಿಗಾಗಿ ಟಂಕಸಾಲೆಯೇ ಆಮೇಲೆ ಹೊಡೆದುಕೊಡುತ್ತಿತ್ತು. ಈ ಪದ್ಧತಿ ನಿಂತದ್ದು 1890ರಲ್ಲಿ. ಅಚ್ಚು ನುಣುಪು, ಬಿಲ್ಲೆ ದುಂಡು, ಸವೆತವಿಲ್ಲ, ತೂಕ ಆಗಾಗ ಪಟ್ಟಿಗೆ ಹೊಂದದು. ಖೋಟಾ ಎನ್ನುವಂತಿಲ್ಲ, ಮೂಲ ಎನ್ನುವಂತೆಯೂ ಇಲ್ಲ. ಬೆಲೆ ಮಾತ್ರ ಭರ್ಜರಿ. ಇದನ್ನು ಗುರುತಿಸುವ ಹೊಣೆ ಪರಿಣತರಿಗೇ ಬಿಡಿ.

ವಿದ್ಯುತ್ ಲೇಪದ ನಕಲು ಹುಟ್ಟಿದ್ದೂ ಪೀಟರ್ಸ್‌ಬರ್ಗಿನಲ್ಲೇ. ಬೊರಿಸ್ ಯಾಕೊಬಿ 1838ರಲ್ಲಿ ಅಚ್ಚಿನ ಮೇಲೆ ವಿದ್ಯುತ್ತಿನಿಂದ ತಾಮ್ರ ಕೂರಿಸುವ ವಿದ್ಯೆ ಕಂಡುಹಿಡಿದ. ಹಾಗೆ ಮಾಡಿದ ಎರಡು ತಾಮ್ರದ ಸಿಪ್ಪೆಗಳ ನಡುವೆ ಸೀಸ ತುಂಬಿ ಬೆಸೆದರೆ ಮುಖದ ಪ್ರತಿ ಗೆರೆಯೂ ಮೂಲದಂತೆಯೇ ಇರುತ್ತದೆ. ಭೂತಗನ್ನಡಿ ಮುಖದ ಮೇಲೆ ಮೋಸಹೋಗುತ್ತದೆ, ಅಂಚಿನ ಬೆಸುಗೆಯಲ್ಲಿ ಹಿಡಿಯುತ್ತದೆ. ಇಲ್ಲಿ ನೀರಿನ ಲೋಟವೇ ಗೆಲ್ಲುವುದು: ಸಾಂದ್ರತೆ 9 ದಾಟಿದ ತಾಮ್ರದ ನಾಣ್ಯ ಇರಲು ಸಾಧ್ಯವಿಲ್ಲ.

ಇನ್ನು ಇಸವಿ ತಿದ್ದಿದವು. ನಾಣ್ಯ ಅಸಲಿ, ಲೋಹ ಅಸಲಿ, ಒಂದು ಅಂಕಿ ಮಾತ್ರ ಸುಳ್ಳು. 1916 ಮತ್ತು 1917ರ ಐದು ಕೊಪೆಕ್, ಸೋವಿಯತ್ ಕಾಲದ 1925ರ ಎರಡು ಕೊಪೆಕ್ ಅಪರೂಪದವು, ಹಿಂದಿನ ವರ್ಷಗಳವು ಬೀದಿಗೆ ಹತ್ತು. ಕೊನೆಯ ಅಂಕಿಯನ್ನು ಕೆರೆದು ಬದಲಿಸಲು ಇದಕ್ಕಿಂತ ಪ್ರೇರಣೆ ಬೇಕೇ? ಯಾವ ಲೋಹ ಪರೀಕ್ಷೆಯೂ ಇದನ್ನು ಹಿಡಿಯದು. ಬೆಳಕನ್ನು ಓರೆಯಾಗಿ ಬಿಟ್ಟು ಕೊನೆಯ ಅಂಕಿಯ ಸುತ್ತಲಿನ ಮೈದಾನ ನೋಡಿ. ಕೆರೆದ ಜಾಗದ ಬಣ್ಣ, ಮಟ್ಟ, ಹೊಳಪು ಬೇರೆ.

ಸೈಬೀರಿಯಾದ ನಾಣ್ಯ: ಲೋಹವೇ ಮಾತಾಡುವಲ್ಲಿ

ಲೋಹದ ಪರೀಕ್ಷೆ ಅಸಲಿತನದ ಪ್ರಶ್ನೆಗೂ ಬಹುಮಟ್ಟಿಗೆ ಉತ್ತರ ಕೊಡುವ ಒಂದು ನಾಣ್ಯವಿದೆ. ಅಲ್ತಾಯ್ ಸೀಮೆಯ ಕೊಲಿವಾನ್ ಗಣಿಗಳ ತಾಮ್ರದಲ್ಲಿ ಬೆಳ್ಳಿ ಬಂಗಾರ ಬೆರೆತಿತ್ತು. ಆ ಕಾಲದ ವಿದ್ಯೆಯಲ್ಲಿ ಅದನ್ನು ಪೂರ್ತಿ ಬೇರ್ಪಡಿಸುವುದು ಗಿಟ್ಟುತ್ತಿರಲಿಲ್ಲ. ಆದ್ದರಿಂದ 1763ರಲ್ಲಿ ಬೇರೆ ದಾರಿ ಹಿಡಿದರು: ಬೆರೆತ ಲೋಹವನ್ನು ಹಾಗೇ ನಾಣ್ಯ ಮಾಡಿ, ಒಳಗಿನ ಬೆಳ್ಳಿ ಬಂಗಾರದ ಬೆಲೆಯನ್ನೂ ಮುಖಬೆಲೆಗೆ ಸೇರಿಸಿಬಿಡುವುದು. ಉಳಿದ ರಷ್ಯಾದಲ್ಲಿ ಪೂಡ್‌ಗೆ 16 ರೂಬಲ್ ಇದ್ದಾಗ ಇಲ್ಲಿ 25 ಆದದ್ದು ಹೀಗೆ. ಸುಝುನ್‌ನಲ್ಲಿ 1766ರಿಂದ ಇವು ದೊಡ್ಡ ಪ್ರಮಾಣದಲ್ಲಿ ಹೊರಬಂದವು, 1781ಕ್ಕೆ ನಿಂತವು. ಎರಡು ಸೇಬಲ್ ಪ್ರಾಣಿಗಳು ಗುರಾಣಿ ಹಿಡಿದ ಚಿತ್ರ, ಕೆಎಂ ಗುರುತು. ಸೈಬೀರಿಯಾದಾಚೆ ಚಲಾವಣೆಯಿಲ್ಲ.

ಹತ್ತು ಕೊಪೆಕ್‌ನ ತೂಕ 65.5 ಗ್ರಾಂ, ಐದರದ್ದು 32.8, ಒಂದರದ್ದು 6.55. ಬೆಳ್ಳಿ ಶೇ. 0.8ರ ಆಸುಪಾಸು, ಅಂದರೆ ಹತ್ತು ಕೊಪೆಕ್‌ನಲ್ಲಿ ಅರ್ಧ ಗ್ರಾಂ. ಬಂಗಾರ ಶೇ. 0.01ರ ಸುತ್ತ. ಬೆಳ್ಳಿ ಇದೆಯೆಂದು ಹೆಚ್ಚು ಬೆಲೆ ಹೇಳುವವರನ್ನು ಕಂಡರೆ ನಕ್ಕುಬಿಡಿ. ಆದರೆ ಗುರುತಿನ ದೃಷ್ಟಿಯಿಂದ ಆ ಅರ್ಧ ಗ್ರಾಂ ಅಮೂಲ್ಯ. ಇವತ್ತು ಮಾರುಕಟ್ಟೆಯ ತಾಮ್ರದಲ್ಲಿ ನಕಲು ಹೊಡೆಯುವವನು ಬೆಳ್ಳಿ ಬೆರೆಸುವ ಗೋಜಿಗೆ ಹೋಗುವುದಿಲ್ಲ. ಸೇಬಲ್‌ಗಳ ಹತ್ತು ಕೊಪೆಕ್ ಇಂದು ಅತಿ ಹೆಚ್ಚು ನಕಲಾಗುವ ನಾಣ್ಯಗಳಲ್ಲೊಂದು ಎಂಬುದನ್ನು ಮರೆಯಬೇಡಿ.

ಯಂತ್ರಕ್ಕೆ ಕೊಡಬೇಕೋ, ಕಂಪನಿಗೆ ಕಳಿಸಬೇಕೋ?

ಚಿನ್ನದ ಅಂಗಡಿಗಳಲ್ಲಿ ಕ್ಯಾರೆಟ್ ನೋಡಲು ಇಟ್ಟುಕೊಂಡಿರುವ ಎಕ್ಸ್‌ರೇ ಯಂತ್ರ ನಾಣ್ಯವನ್ನು ಕೆಡಿಸದೆ ಲೋಹದ ಪಟ್ಟಿ ಕೊಡುತ್ತದೆ. ಸೈಬೀರಿಯಾದ ನಾಣ್ಯಕ್ಕೆ, ಸದಗುರಾದ ಕಂಚಿಗೆ ಇದೇ ಸರಿಯಾದ ಆಯ್ಕೆ. ಸದಗುರಾದ ನಾಣ್ಯದಲ್ಲಿ ತವರ ಕಾಣಬೇಕು, ಬರೀ ತಾಮ್ರ ಕಂಡರೆ ಪ್ರಶ್ನೆ ಏಳುತ್ತದೆ. 18ನೇ ಶತಮಾನದ ತಾಮ್ರದ ನಾಣ್ಯದಲ್ಲಿ ಶೇಕಡಾ ಹಲವು ಪಾಲು ಸತು ಬಂದರೆ ಅದು ಹಿತ್ತಾಳೆಯ ನಕಲು. ಆಗಿನ ತಾಮ್ರದಲ್ಲಿ ಆರ್ಸೆನಿಕ್, ಸೀಸ, ಕಬ್ಬಿಣದ ಅಂಶ ಇಣುಕುವುದು ಸಹಜ. ವಿದ್ಯುತ್ತಿನಿಂದ ತಾಮ್ರ ಶುದ್ಧಿ ಮಾಡುವುದು ಉದ್ಯಮವಾಗಿ ಬೆಳೆದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ, ಹಾಗಾಗಿ ಅತಿ ಶುದ್ಧತೆಯೂ ಅನುಮಾನಕ್ಕೆ ಎಡೆ. ಎರಡು ಮಿತಿಗಳಿವೆ. ಕಿರಣ ಕೂದಲೆಳೆಯಷ್ಟು ಆಳಕ್ಕೂ ಇಳಿಯುವುದಿಲ್ಲ, ಕಿಲುಬು ದಟ್ಟವಾಗಿದ್ದರೆ ಅದು ಓದುವುದು ಕಿಲುಬನ್ನೇ. ಚಿನ್ನಕ್ಕೆ ಹೊಂದಿಸಿದ ಯಂತ್ರ ತಾಮ್ರದಲ್ಲಿನ ಶೇ. 0.8 ಬೆಳ್ಳಿಯನ್ನು ನಿಖರವಾಗಿ ಅಳೆಯದಿರಬಹುದು. ಬೆಳ್ಳಿ ಇದೆಯೋ ಇಲ್ಲವೋ ಎಂಬ ಮಟ್ಟಿಗೆ ಓದಿಕೊಳ್ಳಿ.

ಎನ್‌ಜಿಸಿ, ಪಿಸಿಜಿಎಸ್‌ನಂಥ ಗ್ರೇಡಿಂಗ್ ಕಂಪನಿಗಳು ನಾಣ್ಯವನ್ನು ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಹಾಕಿ ಕೊಡುತ್ತವೆ. ಕಳಿಸುವ ಖರ್ಚಿಗಿಂತ ಅಗ್ಗದ ನಾಣ್ಯಕ್ಕೆ ಇದು ದಂಡ. 1796ರ ಮೊನೊಗ್ರಾಂ, ಟಿಎಂ, ನೊವೊದೆಲ್ ಎಂಬ ಅನುಮಾನ ಇರುವವು, ಇಂಥವನ್ನು ಕವಚದಲ್ಲಿರುವಾಗಲೇ ಕೊಳ್ಳುವುದು ಕ್ಷೇಮ. ಕವಚಕ್ಕೂ ನಕಲಿ ಬಂದಿದೆ. ಮೇಲಿನ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಅಲ್ಲಿನ ಚಿತ್ರದ ಜತೆ ಗೀರು ಗೀರೂ ಹೊಂದುತ್ತದೆಯೇ ನೋಡಿ.

ಮೊದಲ ನಾಣ್ಯ ಯಾವುದಿರಲಿ?

ನನ್ನನ್ನು ಕೇಳಿದರೆ 1867ರ ನಂತರದ ಸಾಧಾರಣ ಇಸವಿಯ ಒಂದು, ಎರಡು, ಮೂರು ಕೊಪೆಕ್‌ಗಳು. ಅಗ್ಗವಾಗಿರುವುದರಿಂದ ಖೋಟಾ ಮಾಡಿದರೆ ಗಿಟ್ಟುವುದಿಲ್ಲ, ತೂಕ ನಿಖರ, ಕಣ್ಣು ಪಳಗಲು ತಕ್ಕವು. ಆಮೇಲೆ ಕ್ಯಾಥರೀನ್‌ಳ ಇಎಂ ಐದು ಕೊಪೆಕ್, ಸವೆದದ್ದಾದರೂ ಅಡ್ಡಿಯಿಲ್ಲ. ಅದರಲ್ಲಿನ ತಾಮ್ರಕ್ಕೆ ಗುಜರಿಯಲ್ಲಿ ನೂರು ರೂಪಾಯಿಯೂ ಬಾರದು, ಅಂಗೈಯಲ್ಲಿಟ್ಟಾಗಿನ ಭಾರವೇ ಬೇರೆ. ಸೈಬೀರಿಯಾದ್ದು ಮೂರನೆಯ ಮೆಟ್ಟಿಲು, ಅದೂ ಹತ್ತು ಕೊಪೆಕ್ ಬಿಟ್ಟು ಸಣ್ಣವುಗಳಿಂದ. 1654ರ ನಂತರ ದೊರೆ ಅಲೆಕ್ಸೇಯ್ ಮಿಖಾಯ್ಲೊವಿಚ್ ಹೊಡೆಸಿ, 1662ರಲ್ಲಿ ಮಾಸ್ಕೋದಲ್ಲಿ ದಂಗೆಗೆ ಕಾರಣವಾದ ತಾಮ್ರದ ತಂತಿ ಕೊಪೆಕ್‌ಗಳು (ತಂತಿಯ ತುಂಡನ್ನು ಚಪ್ಪಟೆ ಮಾಡಿ ಅಚ್ಚೊತ್ತಿದವು) ಆಸೆ ಹುಟ್ಟಿಸುತ್ತವೆ, ಆದರೆ ಉಗುರಿನಷ್ಟಿರುವ ಆ ಚೂರುಗಳನ್ನು ಓದಲು ಬಹಳ ಅನುಭವ ಬೇಕು.

ಎರಡು ನಾಣ್ಯಗಳ ವಿಷಯದಲ್ಲಂತೂ ಪರೀಕ್ಷೆಯ ಶ್ರಮವೂ ಬೇಡ. ಕಿಲೋ ತೂಗುವ 1770–71ರ ಸೆಸ್ತ್ರೊರೆತ್ಸ್ಕ್ ರೂಬಲ್, ಮತ್ತು 1725–27ರ ಎಕಟೆರಿನ್‌ಬರ್ಗಿನ ಚೌಕಾಕಾರದ ತಾಮ್ರದ ಹಲಗೆ. ಇವು ಸಂತೆಯಲ್ಲಿ ಕಂಡರೆ ಸ್ಮರಣಿಕೆ ಎಂದೇ ತಿಳಿದು ಸ್ಮರಣಿಕೆಯ ಬೆಲೆ ಕೊಡಿ.

ರಷ್ಯಾದಲ್ಲಿ ವೈದ್ಯಕೀಯ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಮಾಸ್ಕೋದ ಇಝ್ಮಾಯ್ಲೊವೊ ಸಂತೆಯಿಂದ ಊರಿಗೆ ತರುವುದು ಹೆಚ್ಚಾಗಿ ಇಂಥವನ್ನೇ. ಅಲ್ಲಿ ಅಸಲಿಯೂ ಸಿಗುತ್ತದೆ, ಆದರೆ ಕೊಳ್ಳುವ ಮುನ್ನ ಜೇಬಿನ ತಕ್ಕಡಿ ತೆಗೆದರೆ ಮುಖ ಸಿಂಡರಿಸುವ ಅಂಗಡಿಯಿಂದ ಮುಂದಕ್ಕೆ ಹೋಗಿ. ನೂರು ವರ್ಷ ದಾಟಿದ ಅಸಲಿ ನಾಣ್ಯವನ್ನು ರಷ್ಯಾದಿಂದ ಹೊರತರಲು ಅನುಮತಿಯ ನಿಯಮಗಳಿವೆ, ವಿಮಾನ ಹತ್ತುವ ಮೊದಲೇ ವಿಚಾರಿಸಿಕೊಳ್ಳಿ. ಬಿಲ್ ಇಟ್ಟುಕೊಳ್ಳಿ. ಭಾರತದಲ್ಲೂ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪುರಾವಸ್ತುವೇ, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಗ್ರೇಡಿಂಗ್‌ಗೆಂದು ಅಂಚೆಗೆ ಹಾಕುವ ಮುನ್ನ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಲೆಬಾಳುವುದನ್ನು ಮೊದಲೇ ಕವಚದಲ್ಲಿರುವಂತೆ ಕೊಳ್ಳಿ ಎಂದು ನಾನು ಹೇಳುವುದಕ್ಕೆ ಅದೂ ಒಂದು ಕಾರಣ.